‘ಲೈಫ್ ಆಫ್ ಪೈ’ ಬಗ್ಗೆ ಬರೆಯುವುದು ಹೇಗೆ: ಹುಲಿಗೆ ಅರ್ಥ ಹುಡುಕುವ ಮೊದಲು ಮಾಡಬೇಕಾದ ಕೆಲಸಗಳು

ಹಡಗು ಮುಳುಗಿದ ಮೇಲೆ ದೋಣಿಯಲ್ಲಿ ಒಂದು ಹುಲಿಯ ಜೊತೆ ಬದುಕುಳಿದ ಪೈ ಅನ್ನುವ ಹುಡುಗನ ಕತೆ, ಯಾನ್ ಮಾರ್ಟೆಲ್ ಅವರ ಕಾದಂಬರಿ ‘ಲೈಫ್ ಆಫ್ ಪೈ’. ಅದನ್ನು ಓದಿ ಪ್ರಬಂಧವನ್ನೋ ಸೆಮಿನಾರ್ ಪೇಪರನ್ನೋ ಬರೆಯಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ಪ್ಯಾರಾದಲ್ಲೇ ‘ಹುಲಿ ಅಂದರೆ ಪೈ, ಕತ್ತೆಕಿರುಬ ಅಂದರೆ ಅಡುಗೆಯವನು, ಒರಾಂಗುಟಾನ್ ಅಂದರೆ ಅಮ್ಮ, ಜೀಬ್ರಾ ಅಂದರೆ ನಾವಿಕ’ ಅಂತ ಬರೆದುಬಿಡುತ್ತಾರೆ. ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಉಳಿದ ಪುಟಗಳಲ್ಲಿ ಕತೆಯ ಸಾರಾಂಶ ತುಂಬಿಸಿ, ಕೊನೆಗೆ ‘ನಂಬಿಕೆಯಿದ್ದರೆ ಏನನ್ನೂ ಗೆಲ್ಲಬಹುದು’ ಅಂತ ಮುಗಿಸುತ್ತಾರೆ.

ಆ ಹೊಂದಾಣಿಕೆ ತಪ್ಪಲ್ಲ. ಆದರೆ ಅದು ನೀವು ಕಂಡುಹಿಡಿದದ್ದೂ ಅಲ್ಲ. ಮೂರನೇ ಭಾಗದಲ್ಲಿ, ಹಡಗು ಮುಳುಗಿದ್ದರ ವಿಚಾರಣೆಗೆ ಬಂದ ಇಬ್ಬರು ಜಪಾನಿ ಅಧಿಕಾರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾ ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಪುಸ್ತಕವೇ ಹೇಳಿ ಮುಗಿಸಿದ್ದನ್ನು ನೀವು ಗುಟ್ಟು ಬಿಚ್ಚಿದ ಹಾಗೆ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ, ಅಲ್ವಾ?

ಇಲ್ಲಿ ಮುಖ್ಯವಾದದ್ದು ಕೆಲಸದ ಕ್ರಮ. ಮೊದಲು ಹೊಟ್ಟೆಪಾಡು, ಆಮೇಲೆ ದೇವರು, ಆಮೇಲೆ ಪ್ರಾಣಿಗಳು, ಎಲ್ಲಕ್ಕಿಂತ ಕೊನೆಗೆ ಎರಡನೇ ಕತೆ, ಅಂದರೆ ಪೈ ಆ ಅಧಿಕಾರಿಗಳಿಗೆ ಹೇಳುವ ಪ್ರಾಣಿಗಳಿಲ್ಲದ ಕತೆ. ಈ ಕ್ರಮ ತಲೆಕೆಳಗಾದರೆ ಎಷ್ಟು ಓದಿದರೂ ಬರಹ ಮೇಲೇಳುವುದಿಲ್ಲ. ಕತೆಯ ಕೊನೆಯನ್ನೂ ಇಲ್ಲಿ ಬಿಚ್ಚಿಟ್ಟಿದ್ದೇನೆ, ಆದ್ದರಿಂದ ಇನ್ನೂ ಓದದವರು ಕಾದಂಬರಿ ಮುಗಿಸಿ ಬನ್ನಿ.

## ಬೇಕಾದ ಸಾಮಾನು

ಕಾದಂಬರಿಯ ಪೂರ್ತಿ ಪ್ರತಿ ಬೇಕು. ಸಾರಾಂಶದ ಗೈಡ್ ಸಾಲದು. ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ಸಿಲ್, ಪೆಸಿಫಿಕ್ ಸಾಗರ ಕಾಣುವ ಒಂದು ನಕಾಶೆ. ಇಷ್ಟೇ.

ಟಿಪ್ಪಣಿ ಮಾಡುವಾಗ ಪುಟದ ಸಂಖ್ಯೆ ಬೇಡ, ಅಧ್ಯಾಯದ ಸಂಖ್ಯೆ ಬರೆಯಿರಿ. ಮುದ್ರಣ ಬದಲಾದರೆ ಪುಟ ಬದಲಾಗುತ್ತದೆ. ಕಾದಂಬರಿಯಲ್ಲಿ ಸರಿಯಾಗಿ 100 ಅಧ್ಯಾಯಗಳಿವೆ, ಕೆಲವು ಒಂದೆರಡು ಸಾಲಿನವು, ಹಾಗಾಗಿ ಅಧ್ಯಾಯ ಹೇಳಿದರೆ ಯಾರಿಗಾದರೂ ಆ ಜಾಗ ತಕ್ಷಣ ಸಿಗುತ್ತದೆ.

ಒಂದು ಎಚ್ಚರಿಕೆ ಈಗಲೇ ಹೇಳುತ್ತೇನೆ. 2012ರಲ್ಲಿ ಆಂಗ್ ಲೀ ಮಾಡಿದ ಸಿನಿಮಾ ನೋಡಿ ಕಾದಂಬರಿಯ ಬಗ್ಗೆ ಬರೆಯಬೇಡಿ. ಸಿನಿಮಾದಲ್ಲಿ ಪ್ರಾಣಿಗೂ ಮನುಷ್ಯನಿಗೂ ಹೊಂದಿಕೆ ಮಾಡುವವನು ಕೆನಡಾದಲ್ಲಿ ಪೈ ಎದುರು ಕೂತ ಬರಹಗಾರ. ಪುಸ್ತಕದಲ್ಲಿ ಆ ಕೆಲಸ ಅಧಿಕಾರಿಗಳದು. ಪೈ ಪ್ರೀತಿಸುವ ಆನಂದಿ ಅನ್ನುವ ಹುಡುಗಿ ಸಿನಿಮಾದಲ್ಲಿ ಮಾತ್ರ ಇದ್ದಾಳೆ. ಸಮುದ್ರದ ಮಧ್ಯೆ ಸಿಗುವ ಕುರುಡ ಫ್ರೆಂಚ್ ಮನುಷ್ಯ ಪುಸ್ತಕದಲ್ಲಿ ಮಾತ್ರ ಇದ್ದಾನೆ. ಈ ಕೊನೆಯವನನ್ನು ಬಿಟ್ಟರೆ ನಿಮ್ಮ ಅರ್ಧ ಸಾಕ್ಷ್ಯವೇ ಹೋದ ಹಾಗೆ. ಅವನ ವಿಷಯ ಮುಂದೆ ಬರುತ್ತದೆ.

## ಹಂತ 1: ಯಾರು, ಯಾರಿಗೆ, ಯಾವಾಗ ಹೇಳುತ್ತಿದ್ದಾರೆ ಅಂತ ಗುರುತು ಹಾಕಿ

1ರಿಂದ 36ರವರೆಗೆ ಮೊದಲ ಭಾಗ: ಟೊರಾಂಟೊ ಮತ್ತು ಪಾಂಡಿಚೇರಿ. 37ರಿಂದ 94ರವರೆಗೆ ಎರಡನೆಯದು: ಪೆಸಿಫಿಕ್ ಸಾಗರ. 95ರಿಂದ 100ರವರೆಗೆ ಮೂರನೆಯದು: ಮೆಕ್ಸಿಕೋದ ಟೊಮಾಟ್ಲಾನ್ ಊರಿನ ಆಸ್ಪತ್ರೆ.

ಮೊದಲೆರಡು ಭಾಗಗಳನ್ನು ಹೇಳುವವನು ನಡುವಯಸ್ಸಿನ ಪೈ. ಎಷ್ಟೋ ವರ್ಷ ಕಳೆದಿವೆ, ಮದುವೆಯಾಗಿದೆ, ಮಕ್ಕಳಿದ್ದಾರೆ. ಮೂರನೇ ಭಾಗದಲ್ಲಿ ಕೇಳುವುದು ಆಗಷ್ಟೇ ದಡ ಸೇರಿದ ಹುಡುಗನ ದನಿ, ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. ಆ ಹುಡುಗ ಅಧಿಕಾರಿಗಳ ಹತ್ತಿರ ಮತ್ತೆಮತ್ತೆ ಬಿಸ್ಕತ್ತು ಕೇಳಿ ಹಾಸಿಗೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಈ ಎರಡು ದನಿಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ.

ಇಲ್ಲಿ ಜಾಸ್ತಿ ಜನ ಮಾಡುವ ತಪ್ಪು ಆರಂಭದ ‘ಲೇಖಕರ ಮಾತು’ ಕುರಿತದ್ದು. ಪಾಂಡಿಚೇರಿಯ ಇಂಡಿಯನ್ ಕಾಫಿ ಹೌಸ್‌ನಲ್ಲಿ ಸಿಗುವ ವಯಸ್ಸಾದವರೊಬ್ಬರು, ದೇವರನ್ನು ನಂಬುವಂತೆ ಮಾಡುವ ಕತೆ ನನ್ನ ಹತ್ತಿರ ಇದೆ ಅನ್ನುತ್ತಾರಲ್ಲ, ಅದನ್ನು ನಿಜವಾಗಿ ನಡೆದ ಭೇಟಿ ಅಂತ ತಿಳಿದು ಬರೆಯುತ್ತಾರೆ. ಆ ಭಾಗವೂ ಕಾದಂಬರಿಯೇ. ಅಲ್ಲಿರುವ ಬರಹಗಾರನೂ ಒಂದು ಪಾತ್ರ. ‘ಮಾರ್ಟೆಲ್ ಪಾಂಡಿಚೇರಿಯಲ್ಲಿ ಪೈ ಬಗ್ಗೆ ಕೇಳಿದರು’ ಅಂತ ನಿಮ್ಮ ಬರಹದಲ್ಲಿದ್ದರೆ ಈಗಲೇ ಹೊಡೆದುಹಾಕಿ.

## ಹಂತ 2: ಮೊದಲು ದೋಣಿಯ ಲೆಕ್ಕ ಬರೆಯಿರಿ

ಒಂದು ಬಣ್ಣದ ಪೆನ್ಸಿಲ್ ಹಿಡಿದು ಎರಡನೇ ಭಾಗವನ್ನು ಕೈಕೆಲಸದ ಪುಸ್ತಕ ಓದುವ ಹಾಗೆ ಓದಿ. ಇಲ್ಲಿ ಅರ್ಥ ಹುಡುಕಬೇಡಿ. ಏನಿದೆ, ಏನು ಮಾಡಿದ, ಅಷ್ಟೇ.

ಚಿಮ್‌ಚುಮ್ ಅನ್ನುವ ಜಪಾನಿ ಸರಕು ಹಡಗು 1977ರ ಜುಲೈ 2ರಂದು ಮುಳುಗುತ್ತದೆ. 1978ರ ಫೆಬ್ರವರಿ 14ರಂದು ಪೈ ಮೆಕ್ಸಿಕೋದ ದಡ ಸೇರುತ್ತಾನೆ. ನಡುವೆ 227 ದಿನ. ನಕಾಶೆಯಲ್ಲಿ ಮದ್ರಾಸ್, ಮನಿಲಾ, ಮೆಕ್ಸಿಕೋದ ಪಶ್ಚಿಮ ಕರಾವಳಿ, ಈ ಮೂರಕ್ಕೆ ಚುಕ್ಕೆ ಇಡಿ. ದೂರ ಎಷ್ಟು ಅಂತ ಕಣ್ಣಿಗೆ ಬಿದ್ದಾಗ ಆ 227ರ ತೂಕ ಗೊತ್ತಾಗುತ್ತದೆ.

ದೋಣಿ 26 ಅಡಿ ಉದ್ದ, 8 ಅಡಿ ಅಗಲ. ಅಷ್ಟರಲ್ಲಿ ಒಂದು ಹುಲಿ. ಪೈ ಹುಟ್ಟುಗಳನ್ನೂ ಲೈಫ್ ಜಾಕೆಟ್‌ಗಳನ್ನೂ ಕಟ್ಟಿ ತೆಪ್ಪ ಮಾಡಿಕೊಳ್ಳುತ್ತಾನೆ, ಅದನ್ನು ಹಗ್ಗದಿಂದ ದೋಣಿಗೆ ಬಿಗಿದು ದೂರ ಕೂರುತ್ತಾನೆ. ದೋಣಿಯ ಪೆಟ್ಟಿಗೆಯಲ್ಲಿ ಅರ್ಧ ಲೀಟರಿನ 124 ನೀರಿನ ಡಬ್ಬಿ ಸಿಗುತ್ತವೆ, ಉಪ್ಪುನೀರನ್ನು ಬಿಸಿಲಲ್ಲಿ ಸಿಹಿಯಾಗಿಸುವ 12 ಸಾಧನ ಸಿಗುತ್ತವೆ. 52ನೇ ಅಧ್ಯಾಯದಲ್ಲಿ ಇಡೀ ಪಟ್ಟಿಯಿದೆ. ಆ ಪಟ್ಟಿಯನ್ನು ಹಾರಿಸಬೇಡಿ. ಬೇಜಾರು ಅಂತ ಅದನ್ನು ಬಿಟ್ಟವರಿಗೆ ಪಟ್ಟಿಯ ತುದಿ ಕಾಣುವುದಿಲ್ಲ: ಒಂದು ಕತ್ತೆಕಿರುಬ, ಒಂದು ಬಂಗಾಳದ ಹುಲಿ, ಒಂದು ದೋಣಿ, ಒಂದು ಸಮುದ್ರ, ಒಬ್ಬ ದೇವರು. ಬಿಸ್ಕತ್ತು, ಗಾಳ, ಹಗ್ಗದ ಸಾಲಿನಲ್ಲೇ ದೇವರೂ ಇದ್ದಾನೆ. ಬದುಕುಳಿಯುವುದು ಬೇರೆ, ನಂಬಿಕೆ ಬೇರೆ ಅಂತ ಎರಡು ಅಧ್ಯಾಯ ಮಾಡಿ ಬರೆಯುವವರಿಗೆ ಈ ಒಂದು ಪಟ್ಟಿಯೇ ಉತ್ತರ.

ಇನ್ನು ಊಟದ ದಾರಿ ಹಿಡಿಯಿರಿ. ಪೈ ಸಸ್ಯಾಹಾರಿ. 61ನೇ ಅಧ್ಯಾಯದಲ್ಲಿ ಮೊದಲ ಹಾರುವ ಮೀನನ್ನು ಕೊಲ್ಲುವಾಗ ಅಳುತ್ತಾನೆ, ಆ ಮೀನಿಗಾಗಿ ಈಗಲೂ ಪ್ರಾರ್ಥಿಸುತ್ತೇನೆ ಅನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಹೊತ್ತಿಗೇ ದೊಡ್ಡ ಡೊರಾಡೊ ಮೀನನ್ನು ಖುಷಿಯಿಂದ ಬಡಿದು ಕೊಲ್ಲುತ್ತಾನೆ. ಆಮೇಲೆ ಆಮೆ, ಆಮೆಯ ರಕ್ತ. 91ನೇ ಅಧ್ಯಾಯದಲ್ಲಿ, ಗಾಳಕ್ಕೆ ಅಂತ ಕತ್ತರಿಸಿದ ಮನುಷ್ಯನ ಮಾಂಸದ ಚೂರು ಬಾಯಿಗೆ ಹೋಯಿತು ಅಂತ ಒಪ್ಪಿಕೊಳ್ಳುತ್ತಾನೆ. ಈ ಮೆಟ್ಟಿಲುಗಳನ್ನು ಒಂದರ ಕೆಳಗೆ ಒಂದು ಬರೆದಿಡಿ. ಕೊನೆಯ ಹಂತದಲ್ಲಿ ಇದೇ ನಿಮ್ಮ ಕೈ ಹಿಡಿಯುವುದು.

## ಹಂತ 3: ನಂಬಿಕೆ ಎಲ್ಲಿ ದುಡಿಯುತ್ತದೆ, ಎಲ್ಲಿ ಸೋಲುತ್ತದೆ

ಎರಡನೇ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಮತ್ತೆ ಮೊದಲಿನಿಂದ ಬನ್ನಿ.

ಮೊದಲ ಭಾಗದಲ್ಲಿ ಪೈ ಹಿಂದೂ ಆಗಿ ಹುಟ್ಟಿ, 14ರಲ್ಲಿ ಮುನ್ನಾರಿನ ಚರ್ಚಿನಲ್ಲಿ ಕ್ರಿಸ್ತನನ್ನು ಕಂಡು, 15ರಲ್ಲಿ ಬೇಕರಿಯ ಕುಮಾರ್ ಅವರ ಮೂಲಕ ಇಸ್ಲಾಮಿಗೆ ಬರುತ್ತಾನೆ. ಮೂರನ್ನೂ ಬಿಡುವುದಿಲ್ಲ. 23ನೇ ಅಧ್ಯಾಯದಲ್ಲಿ ಪಾದ್ರಿ, ಇಮಾಮ್, ಪಂಡಿತ ಮೂವರೂ ಕಡಲತೀರದಲ್ಲಿ ಅಪ್ಪ ಅಮ್ಮನ ಎದುರೇ ಅವನಿಗಾಗಿ ಜಗಳಕ್ಕೆ ಬೀಳುತ್ತಾರೆ. ಬಹಳ ಜನ ಇಲ್ಲೇ ನಿಂತು ‘ಸರ್ವಧರ್ಮ ಸಮನ್ವಯ’ ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಅದು ಸಾಲುವುದಿಲ್ಲ. ಪಾಂಡಿಚೇರಿಯಲ್ಲಿ ಹೊಟ್ಟೆ ತುಂಬಿದ್ದಾಗಿನ ನಂಬಿಕೆ ದೋಣಿಯಲ್ಲಿ ಏನಾಯಿತು? ಕೇಳಬೇಕಾದ ಪ್ರಶ್ನೆ ಅದು.

ಉತ್ತರ 74ನೇ ಅಧ್ಯಾಯದಲ್ಲಿದೆ. ಪಾದ್ರಿಯಿಲ್ಲದೆ ಪೂಜೆ, ಮೂರ್ತಿಯಿಲ್ಲದೆ ದರ್ಶನ, ಆಮೆಯ ಮಾಂಸವೇ ಪ್ರಸಾದ, ಮೆಕ್ಕಾ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದೆ ನಮಾಜು. ತಲೆಗೆ ಸುತ್ತಿದ ಚಿಂದಿ ಮುಟ್ಟಿ ‘ಇದು ದೇವರ ಟೋಪಿ’ ಅಂತ ಕೂಗುತ್ತಾನೆ. ಹುಲಿಯ ಕಡೆ ಕೈ ತೋರಿಸಿ ‘ಇದು ದೇವರ ಬೆಕ್ಕು’ ಅನ್ನುತ್ತಾನೆ. ಆದರೆ ಬಟ್ಟೆ ಹರಿಯುತ್ತಾ ಹೋಗುತ್ತದೆ, ಟೋಪಿ ಬಿಚ್ಚಿಕೊಳ್ಳುತ್ತದೆ, ದೇವರ ಬೆಕ್ಕು ಸದಾ ಅಪಾಯವಾಗಿಯೇ ಇರುತ್ತದೆ. ಕತ್ತಲು ಕವಿಯುತ್ತದೆ ಅಂತ ಅವನೇ ಹೇಳುತ್ತಾನೆ. ಈ ಸೋಲನ್ನು ಬರೆಯದೆ ಬರೀ ಭಕ್ತಿಯನ್ನು ಬರೆದರೆ ಅದು ಪೈಗೆ ಮಾಡುವ ಅನ್ಯಾಯ.

60ನೇ ಅಧ್ಯಾಯ ಚಿಕ್ಕದು, ಬಿಡಬೇಡಿ. ರಾತ್ರಿ ಎಚ್ಚರವಾದಾಗ ಪೈಗೆ ಮಾರ್ಕಂಡೇಯನ ನೆನಪಾಗುತ್ತದೆ. ಮಲಗಿದ್ದ ವಿಷ್ಣುವಿನ ಬಾಯಿಂದ ಹೊರಬಿದ್ದು ಎಲ್ಲವನ್ನೂ ಕಂಡ ಋಷಿ. ಈ ಕತೆ ಗೊತ್ತಿರುವ ನಮ್ಮಂಥ ಓದುಗರಿಗೆ ಇಲ್ಲಿ ಅಡಿಟಿಪ್ಪಣಿ ಬೇಕಿಲ್ಲ, ಹಾಗಂತ ‘ಪೈ ಪುರಾಣ ನೆನೆದ’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅಲ್ಲಿ ಅವನು ಕಂಡದ್ದು ತನ್ನ ನೋವು ಎಷ್ಟು ದೊಡ್ಡ ಜಾಗದಲ್ಲಿ ನಡೆಯುತ್ತಿದೆ, ತಾನೆಷ್ಟು ಸಣ್ಣವನು ಅನ್ನುವುದನ್ನು. ಆ ಕ್ಷಣ ಸಾವು ಎದುರಿಗಿದ್ದರೂ ಅವನಿಗೆ ಸಮಾಧಾನ ಸಿಗುತ್ತದೆ. ಬೆಳಗಾದ ಮೇಲೆ ಆ ಸಮಾಧಾನ ನಿಲ್ಲುವುದಿಲ್ಲ.

ಹಡಗಿನ ಹೆಸರನ್ನೂ ಇದೇ ಬಣ್ಣದಲ್ಲಿ ಗುರುತು ಮಾಡಿ. ಪೈ ಮುಂದೆ ಟೊರಾಂಟೊದಲ್ಲಿ 16ನೇ ಶತಮಾನದ ಯಹೂದಿ ಅನುಭಾವಿ ಐಸಾಕ್ ಲೂರಿಯಾ ಅವರ ಸೃಷ್ಟಿ ಚಿಂತನೆಯ ಬಗ್ಗೆ ಅಧ್ಯಯನ ಮಾಡಿದವನು. ಸೃಷ್ಟಿಗೆ ಜಾಗ ಮಾಡಿಕೊಡಲು ದೇವರು ತನ್ನನ್ನೇ ಒಳಕ್ಕೆ ಎಳೆದುಕೊಂಡ ಅನ್ನುವುದು ಆ ಚಿಂತನೆ, ಹಡಗಿನ ಹೆಸರು ಅದರದ್ದೇ. ನಾಲ್ಕು ಸಾಲು ಸಾಕು, ಇದರ ಮೇಲೆ ಇಡೀ ಪ್ರಬಂಧ ಕಟ್ಟಬೇಡಿ.

## ಹಂತ 4: ಪ್ರಾಣಿಯನ್ನು ಮೊದಲು ಪ್ರಾಣಿಯಾಗಿ ನೋಡಿ

ಈಗ ಮೂರನೇ ಬಣ್ಣ. ಈ ಹಂತಕ್ಕೆ ಉಳಿದೆಲ್ಲದಕ್ಕಿಂತ ಜಾಸ್ತಿ ಸಮಯ ಕೊಡಿ.

ಚಿಕ್ಕಂದಿನಿಂದ ನಾವು ಕೇಳಿದ ಕತೆಗಳಲ್ಲಿ ನರಿ ಅಂದರೆ ಕಪಟ, ಸಿಂಹ ಅಂದರೆ ರಾಜ, ಕೊನೆಗೊಂದು ನೀತಿ. ಆ ಅಭ್ಯಾಸವನ್ನು ಇಲ್ಲಿಗೆ ತಂದರೆ ಕೆಟ್ಟಿತು. ಯಾಕೆಂದರೆ ಈ ಕಾದಂಬರಿ ಅದರ ವಿರುದ್ಧ ಮೊದಲೇ ಎಚ್ಚರಿಸಿದೆ. 8ನೇ ಅಧ್ಯಾಯ ತೆಗೆಯಿರಿ. ಪೈಯ ಅಪ್ಪ ನಡೆಸುವ ಮೃಗಾಲಯದಲ್ಲಿ ‘ಇಲ್ಲಿನ ಅತಿ ಅಪಾಯಕಾರಿ ಪ್ರಾಣಿ ಯಾವುದು’ ಅಂತ ಒಂದು ಪರದೆ, ಸರಿಸಿದರೆ ಕನ್ನಡಿ. ಜನ ಕನ್ನಡಿಯ ಬಗ್ಗೆ ಮಾತ್ರ ಬರೆಯುತ್ತಾರೆ. ಅದರ ಮುಂದಿನ ಮಾತು ಇನ್ನೂ ಮುಖ್ಯ: ಮನುಷ್ಯನಿಗಿಂತಲೂ ಅಪಾಯಕಾರಿಯಾದ ಇನ್ನೊಂದು ಪ್ರಾಣಿಯಿದೆ, ಮನುಷ್ಯನ ಕಣ್ಣಿಗೆ ಮನುಷ್ಯನಂತೆಯೇ ಕಾಣುವ ಪ್ರಾಣಿ. ಮುದ್ದು, ಸ್ನೇಹ, ದುಷ್ಟತನ ಎಲ್ಲವನ್ನೂ ನಾವೇ ಹೇರಿ ನೋಡುವ ಪ್ರಾಣಿ. ಇದನ್ನು ಮಕ್ಕಳಿಗೆ ಮನದಟ್ಟು ಮಾಡಲು ಅಪ್ಪ ಸಂತೋಷ್ ಪಟೇಲ್ ಹಸಿದ ಹುಲಿಯ ಬೋನಿಗೆ ಮೇಕೆ ಬಿಟ್ಟು ತೋರಿಸುತ್ತಾರೆ. ಇಷ್ಟು ಹೇಳಿದ ಕಾದಂಬರಿಯೇ ಕೊನೆಯಲ್ಲಿ ಪ್ರತಿ ಪ್ರಾಣಿಯ ಜಾಗದಲ್ಲೂ ಮನುಷ್ಯನನ್ನು ಇಡುತ್ತದೆ. ಈ ಎಳೆದಾಟವನ್ನು ಹಿಡಿದರೆ ನಿಮ್ಮ ಪ್ರಬಂಧಕ್ಕೆ ಜೀವ ಬಂತು.

ಮೃಗಾಲಯದ ಪಾಠ ದೋಣಿಗೆ ಬರುವುದನ್ನು ಗಮನಿಸಿ. ಪ್ರಾಣಿ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಅನ್ನುವುದು 9ನೇ ಅಧ್ಯಾಯದಲ್ಲಿದೆ. ಸರ್ಕಸ್ಸಿನಲ್ಲಿ ಸಿಂಹ ಪಳಗಿಸುವವನು ಯಾಕೆ ಮೊದಲು ರಿಂಗಿಗೆ ಬರುತ್ತಾನೆ ಅನ್ನುವುದು 13ರಲ್ಲಿದೆ. ಇವು ಸುಮ್ನೆ ತುಂಬಿಸಿದ ಪುಟಗಳಲ್ಲ. 71ನೇ ಅಧ್ಯಾಯದಲ್ಲಿ ಪೈ ಹುಲಿಯನ್ನು ಪಳಗಿಸುವ ವಿಧಾನವನ್ನು ಅಂಕಿ ಹಾಕಿ ಒಂದೊಂದಾಗಿ ಹೇಳಿಕೊಡುತ್ತಾನೆ: ಸೀಟಿ ಊದು, ದೋಣಿಯನ್ನು ಅಲೆಗೆ ಅಡ್ಡ ತಿರುಗಿಸಿ ಹುಲಿಗೆ ಹೊಟ್ಟೆ ತೊಳಸುವಂತೆ ಮಾಡು, ಸೀಟಿಯ ಸದ್ದಿಗೂ ಆ ಸಂಕಟಕ್ಕೂ ಗಂಟು ಬೀಳಲಿ. ಇಲ್ಲಿ ಹುಲಿ ಯಾವ ಸಂಕೇತವೂ ಅಲ್ಲ. 450 ಪೌಂಡಿನ ಮೈ, ಅಷ್ಟೇ. ಅಂದರೆ ಸುಮಾರು 200 ಕಿಲೋ.

ಸುಳಿವುಗಳು ಎಲ್ಲಿ ಬಿದ್ದಿವೆ ನೋಡಿ. 42ನೇ ಅಧ್ಯಾಯದಲ್ಲಿ ಆರೆಂಜ್ ಜ್ಯೂಸ್ ಅನ್ನುವ ಒರಾಂಗುಟಾನ್ ಬಾಳೆಹಣ್ಣಿನ ರಾಶಿಯ ಮೇಲೆ ತೇಲಿ ಬರುತ್ತದೆ. ಪೈಗೆ ಅದು ಕನ್ಯೆ ಮೇರಿಯ ಹಾಗೆ ಕಾಣುತ್ತದೆ. ಅದು ಎರಡು ಗಂಡುಮರಿಗಳ ತಾಯಿ ಅಂತಲೂ ಅಲ್ಲೇ ಇದೆ. ಪೈ ಮತ್ತು ಅಣ್ಣ ರವಿ, ಪೈ ಅಮ್ಮನಿಗೂ ಇಬ್ಬರೇ. ಎರಡನೇ ಕತೆ ಇನ್ನೂ 57 ಅಧ್ಯಾಯ ದೂರವಿದೆ, ಅಮ್ಮ ಆಗಲೇ ದೋಣಿಗೆ ಬಂದಾಯಿತು. ಇದು ಒಂದೇ ಸಲ ಓದಿದವರಿಗೆ ಸಿಗುವುದಿಲ್ಲ.

ನಂಬಿಕೆ ಮತ್ತು ಪ್ರಾಣಿ ಒಟ್ಟಿಗೆ ಸಿಗುವ ಜಾಗ ಬೇಕಿದ್ದರೆ 31ನೇ ಅಧ್ಯಾಯಕ್ಕೆ ಹೋಗಿ. ನಾಸ್ತಿಕ ಜೀವಶಾಸ್ತ್ರ ಮೇಷ್ಟ್ರು ಕುಮಾರ್, ಸೂಫಿ ಬೇಕರಿಯ ಕುಮಾರ್, ಇಬ್ಬರೂ ಜೀಬ್ರಾ ಮುಂದೆ ನಿಲ್ಲುತ್ತಾರೆ. ಒಬ್ಬರು ಅದರ ವೈಜ್ಞಾನಿಕ ಹೆಸರು ಹೇಳುತ್ತಾರೆ, ಇನ್ನೊಬ್ಬರು ‘ಅಲ್ಲಾಹು ಅಕ್ಬರ್’ ಅನ್ನುತ್ತಾರೆ. ಪೈ ಬರೀ ಚೆನ್ನಾಗಿದೆ ಅನ್ನುತ್ತಾನೆ. ಒಂದೇ ಪ್ರಾಣಿ, ಮೂರು ನೋಟ. ಇಷ್ಟು ಒಳ್ಳೆಯ ಸಾಕ್ಷ್ಯವನ್ನು ಬಹಳ ಪ್ರಬಂಧಗಳು ಮುಟ್ಟುವುದೇ ಇಲ್ಲ ಅನ್ನುವುದು ನನ್ನ ಸಂಕಟ.

ಹುಲಿಯ ಹೆಸರು. ರಿಚರ್ಡ್ ಪಾರ್ಕರ್ ಅನ್ನುವುದು ಗುಮಾಸ್ತನ ಕೈತಪ್ಪಿನಿಂದ ಬೇಟೆಗಾರನ ಹೆಸರು ಹುಲಿಗೆ ಬಂದದ್ದು ಅಂತ ಕಾದಂಬರಿ ಹೇಳುತ್ತದೆ. ಹೊರಗಿನ ಎರಡು ಸಂಗತಿ ಗೊತ್ತಿದ್ದರೆ ಅದೇ ಹೆಸರು ಬೇರೆಯೇ ಆಗಿ ಕೇಳುತ್ತದೆ. 1838ರಲ್ಲಿ ಬಂದ ಎಡ್ಗರ್ ಅಲನ್ ಪೋ ಅವರ ಕಡಲ ಕಾದಂಬರಿಯಲ್ಲಿ ಹಸಿದ ಸಂಗಡಿಗರು ಕೊಂದು ತಿನ್ನುವ ನಾವಿಕನ ಹೆಸರು ರಿಚರ್ಡ್ ಪಾರ್ಕರ್. 1884ರಲ್ಲಿ ಮಿನ್ಯೊನೆಟ್ ಅನ್ನುವ ಇಂಗ್ಲಿಷ್ ಹಡಗು ನಿಜವಾಗಿಯೇ ಮುಳುಗಿ, ದೋಣಿಯಲ್ಲಿ ಉಳಿದವರು 17 ವರ್ಷದ ಹುಡುಗನನ್ನು ಕೊಂದು ತಿಂದರು. ಅವನ ಹೆಸರೂ ಅದೇ. ಆ ಉಳಿದವರಲ್ಲಿ ಇಬ್ಬರಾದ ಡಡ್ಲಿ ಮತ್ತು ಸ್ಟೀಫನ್ಸ್ ಮೇಲೆ ಕೇಸು ನಡೆಯಿತು, ಅಗತ್ಯ ಬಿತ್ತು ಅನ್ನುವುದು ಕೊಲೆಗೆ ಸಮರ್ಥನೆಯಲ್ಲ ಅಂತ ತೀರ್ಪು ಬಂತು. ಹಸಿವಿಗೆ ಬಲಿಯಾದವನ ಹೆಸರನ್ನು ಇಲ್ಲಿ ತಿನ್ನುವ ಪ್ರಾಣಿಗೆ ಇಡಲಾಗಿದೆ. ಹಂತ 2ರಲ್ಲಿ ಬರೆದ ಊಟದ ಮೆಟ್ಟಿಲುಗಳ ಪಕ್ಕ ಇದನ್ನು ಇಡಿ.

ಹುಲಿ ಹೊರಟುಹೋಗುವುದು. 94ನೇ ಅಧ್ಯಾಯದಲ್ಲಿ ದಡ ಸಿಕ್ಕ ಮೇಲೆ ರಿಚರ್ಡ್ ಪಾರ್ಕರ್ ಒಮ್ಮೆಯೂ ತಿರುಗಿ ನೋಡದೆ ಕಾಡಿಗೆ ಹೋಗುತ್ತದೆ. ಪೈ ಮಗುವಿನಂತೆ ಅಳುತ್ತಾನೆ. ಹುಲಿ ಅಂದರೆ ಪೈಯ ಕ್ರೌರ್ಯ ಅಷ್ಟೇ ಆಗಿದ್ದರೆ, ಅದು ಹೋದದ್ದಕ್ಕೆ ಅಳುವುದು ಯಾಕೆ? 57ನೇ ಅಧ್ಯಾಯದಲ್ಲಿ, ಹುಲಿ ಇಲ್ಲದಿದ್ದರೆ ನಾನು ಈ ಕತೆ ಹೇಳಲು ಉಳಿಯುತ್ತಿರಲಿಲ್ಲ ಅಂತ ಅವನೇ ಹೇಳಿದ್ದಾನಲ್ಲ? ಈ ಎರಡು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆಯಿರಿ. ನಿಮ್ಮ ಉತ್ತರ ನನ್ನದಕ್ಕಿಂತ ಬೇರೆಯಾಗಿದ್ದರೂ ಪರವಾಗಿಲ್ಲ, ಉತ್ತರಿಸದೆ ಮುಂದೆ ಹೋಗಬೇಡಿ.

## ಹಂತ 5: ಈಗ ಎರಡನೇ ಕತೆ

99ನೇ ಅಧ್ಯಾಯ. ಜಪಾನಿ ಅಧಿಕಾರಿಗಳಾದ ಒಕಾಮೊಟೊ, ಚಿಬಾ ಇಬ್ಬರೂ ಮೊದಲ ಕತೆ ನಂಬುವುದಿಲ್ಲ. ಬಾಳೆಹಣ್ಣು ನೀರಲ್ಲಿ ತೇಲುವುದಿಲ್ಲ ಅನ್ನುತ್ತಾರೆ. ಪೈ, ಅಲ್ಲೇ ಸಿಂಕಿನಲ್ಲಿ ಹಾಕಿ ನೋಡಿ ಅನ್ನುತ್ತಾನೆ. ತೇಲುತ್ತದೆ. ಆಮೇಲೆ ಅವನು ಪ್ರಾಣಿಗಳಿಲ್ಲದ ಕತೆ ಹೇಳುತ್ತಾನೆ: ಕಾಲು ಮುರಿದ ತೈವಾನಿನ ನಾವಿಕ, ಅಡುಗೆಯವನು, ಅಮ್ಮ, ತಾನು.

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಎರಡೂ ಕತೆಗಳಲ್ಲಿ ಇರುವುದು, ಬಲಕ್ಕೆ ಒಂದರಲ್ಲಿ ಮಾತ್ರ ಇರುವುದು. ಎಡಭಾಗವನ್ನು ಪೈಯೇ ತುಂಬಿಸಿಕೊಡುತ್ತಾನೆ: ಹಡಗು ಮುಳುಗಿತು, ಯಾಕೆ ಅಂತ ಎರಡೂ ಕತೆ ಹೇಳುವುದಿಲ್ಲ, ಮನೆಯವರೆಲ್ಲ ಸತ್ತರು, ನಾನು ನೋವು ತಿಂದೆ.

ಕೆಲಸ ಇರುವುದು ಬಲಭಾಗದಲ್ಲಿ. 92ನೇ ಅಧ್ಯಾಯದ ಪಾಚಿಯ ದ್ವೀಪ, ಅಲ್ಲಿನ ಲೆಕ್ಕವಿಲ್ಲದಷ್ಟು ಮೀರ್‌ಕ್ಯಾಟ್‌ಗಳು (ಮುಂಗುಸಿ ಜಾತಿಯ ಸಣ್ಣ ಪ್ರಾಣಿಗಳು), ಹಣ್ಣಿನೊಳಗೆ ಸಿಗುವ ಮನುಷ್ಯನ ಹಲ್ಲುಗಳು, ಇದಕ್ಕೆ ಎರಡನೇ ಕತೆಯಲ್ಲಿ ಜೋಡಿಯೇ ಇಲ್ಲ. ಆದರೆ ದೋಣಿಯಲ್ಲಿ ಸಣ್ಣ ಪ್ರಾಣಿಗಳ ಮೂಳೆ ಸಿಕ್ಕಿವೆ. ಕುರುಡ ಫ್ರೆಂಚ್ ಮನುಷ್ಯನನ್ನು ಎಲ್ಲಿ ಬರೆಯುತ್ತೀರಿ? 90ನೇ ಅಧ್ಯಾಯದಲ್ಲಿ ಅವನು ತಾನು ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಕೊಂದದ್ದಾಗಿ ಹೇಳುತ್ತಾನೆ. ಎರಡನೇ ಕತೆಯ ಅಡುಗೆಯವನು ಕೊಂದದ್ದೂ ಅವರಿಬ್ಬರನ್ನೇ, ನಾವಿಕ ಮತ್ತು ಅಮ್ಮ. ಮೊದಲ ಕತೆಯೊಳಗೇ ಎರಡನೆಯದು ಒಮ್ಮೆ ಇಣುಕಿ ಮರೆಯಾಗಿದೆ. ಅದೂ ಕಣ್ಣಿಲ್ಲದವನ ರೂಪದಲ್ಲಿ, ಪೈಗೂ ಆಗ ಕಣ್ಣು ಕಾಣುತ್ತಿರಲಿಲ್ಲ.

ಇಲ್ಲಿ ತೀರ್ಪು ಕೊಡುವ ಆಸೆ ಬರುತ್ತದೆ. ‘ನಿಜ ನಡೆದದ್ದು ಎರಡನೆಯದೇ, ಮೊದಲನೆಯದು ಆಘಾತಕ್ಕೆ ಮನಸ್ಸು ಕಟ್ಟಿದ ಕತೆ’ ಅಂತ ಖಚಿತವಾಗಿ ಬರೆದರೆ ಮೂಳೆ, ಬಾಳೆಹಣ್ಣು, ದ್ವೀಪಕ್ಕೆಲ್ಲ ನೀವು ಉತ್ತರ ಕೊಡಬೇಕಾಗುತ್ತದೆ. ‘ಮೊದಲನೆಯದೇ ನಿಜ’ ಅಂದರೆ, ಹುಲಿ ನಿಮಗೆಂದೂ ಸಿಗದ ಜಾಗದಲ್ಲಿ ಅಡಗಿದೆ ಅಂತ ಪೈ ಅಧಿಕಾರಿಗಳಿಗೆ ಹೇಳುವ ಮಾತಿಗೆ ಉತ್ತರ ಕೊಡಬೇಕಾಗುತ್ತದೆ. ಪೈ ಕೇಳಿದ್ದು ಯಾವುದು ನಿಜ ಅಂತಲ್ಲ. ಯಾವ ಕತೆ ಚೆನ್ನಾಗಿದೆ ಅಂತ ಕೇಳಿದ. ಪ್ರಾಣಿಗಳಿರುವುದು ಅಂತ ಇಬ್ಬರೂ ಒಪ್ಪಿದಾಗ, ದೇವರ ವಿಷಯವೂ ಹೀಗೇ ಅಂದು ಅತ್ತುಬಿಟ್ಟ. ಈ ಮಾತನ್ನು 22ನೇ ಅಧ್ಯಾಯದ ಜೊತೆ ಇಟ್ಟು ಓದಿ. ಅಲ್ಲಿ ಸಾಯುವ ಹೊತ್ತಿನಲ್ಲೂ ಒಣ ವಿವರಣೆಗೇ ಅಂಟಿಕೊಳ್ಳುವ ಅನುಮಾನದ ಮನುಷ್ಯ ಬರುತ್ತಾನೆ. ‘ಒಣ’ ಅನ್ನುವ ಆ ಬೈಗುಳದ ಮಾತನ್ನೇ 99ರಲ್ಲಿ ಪೈ ಅಧಿಕಾರಿಗಳ ಮೇಲೆ ಮತ್ತೆ ಎಸೆಯುತ್ತಾನೆ. ಎರಡೂ ಜಾಗಕ್ಕೆ ಒಂದೇ ಗುರುತು ಹಾಕಿ.

## ಹಂತ 6: ಬರೆಯಲು ಕೂತಾಗ

ಒಂದು ದೃಶ್ಯ ಆರಿಸಿ ಅಲ್ಲಿಂದ ಶುರು ಮಾಡಿ. ಮೂರು ಬಣ್ಣವೂ ಒಟ್ಟಿಗೆ ಬಿದ್ದ ಪುಟ ಯಾವುದೋ ಅದೇ ನಿಮ್ಮ ದೃಶ್ಯ. ಬಹುಪಾಲು 61, 74 ಅಥವಾ 94 ಆಗಿರುತ್ತದೆ.

‘ಹುಲಿ ಪೈಯ ಒಳಗಿನ ಕ್ರೌರ್ಯದ ಸಂಕೇತ’ ಅನ್ನುವುದು ಸೋತ ವಾಕ್ಯ, ಅದರ ಮುಂದೆ ಬಾಗಿಲು ಮುಚ್ಚಿದೆ. ಅದರ ಬದಲು ಹೀಗೆ ಬರೆದು ನೋಡಿ: ‘ಮೀನಿಗಾಗಿ ಅತ್ತ ಹುಡುಗ ಆಮೇಲೆ ಕೊಂದ ಡೊರಾಡೊವನ್ನು ಹುಲಿಗೆ ಹಾಕುತ್ತಾನೆ. ಕೊಲ್ಲುವ ಕೆಲಸ ಹುಲಿಗಾಗಿ ಅನ್ನುವುದರಿಂದ ಕೊಲ್ಲುವುದು ಅವನಿಗೆ ಸಾಧ್ಯವಾಗುತ್ತದೆ.’ ಇದರಲ್ಲಿ ದೃಶ್ಯವಿದೆ, ಹಸಿವಿದೆ, ಪಾಪದ ಭಯವಿದೆ, ಮುಂದಿನ ವಾಕ್ಯಕ್ಕೆ ದಾರಿಯೂ ಇದೆ.

ಅಧಿಕಾರಿಗಳ ಹೊಂದಾಣಿಕೆಯನ್ನು ಪ್ರಬಂಧದ ಮುಕ್ಕಾಲು ಭಾಗ ದಾಟಿದ ಮೇಲೆ ತನ್ನಿ. ಅದನ್ನು ಹೇಳಿದವರು ಯಾರು ಅಂತ ಹೆಸರು ಹಿಡಿದು ಹೇಳಿ. ಅದಕ್ಕೆ ಹೊಂದದೆ ಉಳಿದದ್ದೇನು ಅಂತ ತಕ್ಷಣ ಕೇಳಿ.

## ದಾರಿ ತಪ್ಪಿದ ಲಕ್ಷಣಗಳು

- ಎರಡು ಪ್ಯಾರಾ ಕಳೆದರೂ ಒಂದು ಅಧ್ಯಾಯದ ಸಂಖ್ಯೆಯೂ ಬಂದಿಲ್ಲ.
- ಮೊದಲ ಭಾಗದ ಮೃಗಾಲಯದ ಪುಟಗಳಿಂದ ಒಂದು ಉದಾಹರಣೆಯೂ ಇಲ್ಲ.
- ‘ದೇವರು ಪೈಯನ್ನು ಕಾಪಾಡಿದ’ ಅಂತ ಬರೆದಿದ್ದೀರಿ, ಆದರೆ ಅಪ್ಪ, ಅಮ್ಮ, ರವಿ ಸತ್ತದ್ದರ ಬಗ್ಗೆ ಒಂದು ಮಾತಿಲ್ಲ.
- ದ್ವೀಪವನ್ನು ‘ಭ್ರಮೆ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ.
- ನಿಮ್ಮ ಕೊನೆಯ ಪ್ಯಾರಾವನ್ನು ಬೇರೆ ಯಾವ ಕಾದಂಬರಿಯ ಪ್ರಬಂಧಕ್ಕೆ ಅಂಟಿಸಿದರೂ ಹೊಂದುತ್ತದೆ.

ಈ ಕೊನೆಯದು ಕಂಡರೆ ಆ ಪ್ಯಾರಾ ತೆಗೆದುಹಾಕಿ 100ನೇ ಅಧ್ಯಾಯ ತೆರೆಯಿರಿ. ಅದು ಒಕಾಮೊಟೊ ಬರೆದ ಸರ್ಕಾರಿ ವರದಿ. ಹಡಗು ಮುಳುಗಿದ ಕಾರಣ ಗೊತ್ತಿಲ್ಲ ಅನ್ನುವ ಆ ಒಣ ಕಾಗದದ ತುದಿಯಲ್ಲಿ, ಇಷ್ಟು ದಿನ ಸಮುದ್ರದಲ್ಲಿ ಬದುಕುಳಿದವರು ಕಡಿಮೆ, ಬೆಳೆದ ಬಂಗಾಳದ ಹುಲಿಯ ಜೊತೆ ಉಳಿದವರಂತೂ ಯಾರೂ ಇಲ್ಲ ಅಂತ ಅವರು ಬರೆಯುತ್ತಾರೆ. ಎರಡೂ ಕತೆ ಕೇಳಿದ ಮನುಷ್ಯ ಕಡತಕ್ಕೆ ಯಾಕೆ ಹುಲಿಯನ್ನು ಸೇರಿಸಿದರು ಅಂತ ನಿಮ್ಮ ಮಾತಿನಲ್ಲಿ ವಿವರಿಸಿ, ಅದನ್ನೇ ಕೊನೆಯ ಪ್ಯಾರಾ ಮಾಡಿ.